ವ್ಯಾಕ್ಯೂಮ್ ಕ್ಲೀನರ್‌ನ ವ್ಯಾಟ್ ಕಟ್ಟಿಕೊಂಡು ಏನು ಮಾಡ್ತೀರಿ?

ದೀಪಾವಳಿ ಮುಗಿದು ಎರಡು ತಿಂಗಳಾಗುತ್ತಿದ್ದಂತೆ ನನ್ನ ಅಂಗಡಿಗೆ ವ್ಯಾಕ್ಯೂಮ್ ಕ್ಲೀನರ್‌ಗಳು ಬರಲು ಶುರುವಾಗುತ್ತವೆ. ಹಬ್ಬದ ಆಫರ್‌ನಲ್ಲಿ ಕೊಂಡವು. ಮೈ ಮೇಲಿನ ಸ್ಟಿಕ್ಕರ್ ಕೂಡ ಕಿತ್ತಿರುವುದಿಲ್ಲ, ಒಳಗೆ ಮೋಟರ್ ಸುಟ್ಟಿರುತ್ತದೆ. ಮನೆಯಲ್ಲಿ ಏನು ಸಾಕಿದ್ದೀರಿ ಅಂತ ನಾನು ಕೇಳುವುದೇ ಇಲ್ಲ. ತಂದವರ ಪ್ಯಾಂಟ್ ನೋಡಿದರೆ ಗೊತ್ತಾಗುತ್ತದೆ. ಬಿಳಿ ಉದ್ದ ಕೂದಲಾದರೆ ಸ್ಪಿಟ್ಜ್, ಗಿಡ್ಡ ಹಳದಿ ಕೂದಲಾದರೆ ಲ್ಯಾಬ್ರಡಾರ್. ಬೆಕ್ಕಿನವರು ಕೈ ಮೇಲೆ ಗೀರು ಇಟ್ಟುಕೊಂಡು ಬರುತ್ತಾರೆ.

ತುಮಕೂರಿನಲ್ಲಿ ಮಿಕ್ಸಿ, ಗ್ರೈಂಡರ್, ವ್ಯಾಕ್ಯೂಮ್ ರಿಪೇರಿ ಮಾಡುತ್ತಾ ನನಗೆ 20 ವರ್ಷ ದಾಟಿತು. ನಾನು ಹೊಸದನ್ನು ಮಾರುವವನಲ್ಲ. ಹಾಗಾಗಿ ಇಲ್ಲಿ ಯಾವ ಕಂಪನಿಯ ಹೆಸರನ್ನೂ ಹೇಳುವುದಿಲ್ಲ. ಬಂದವರೆಲ್ಲ ಹೇಳುವುದು ಒಂದೇ ಮಾತು: "ಅಣ್ಣಾ, 2000 ವ್ಯಾಟ್‌ದೇ ತಗೊಂಡ್ವಿ, ಆದ್ರೂ ಹೋಯ್ತಲ್ಲ?" ಈ "ಆದ್ರೂ" ಕೇಳಿ ಕೇಳಿ ಸಾಕಾಗಿದೆ.

ವ್ಯಾಟ್ ಅನ್ನುವುದು ಮಷಿನ್ ಎಷ್ಟು ಕರೆಂಟ್ ತಿನ್ನುತ್ತದೆ ಅನ್ನುವ ಲೆಕ್ಕ. ಎಷ್ಟು ಕಸ ಎಳೆಯುತ್ತದೆ ಅನ್ನುವ ಲೆಕ್ಕ ಅಲ್ಲ. ತಿಂದದ್ದೆಲ್ಲ ಮೈಗೆ ಹತ್ತುತ್ತದೆಯೇ? ಯುರೋಪಿನವರು ಇದನ್ನು ಕಾನೂನು ಮಾಡಿಯೇ ಬಿಟ್ಟರು. 2014ರ ಸೆಪ್ಟೆಂಬರ್‌ನಿಂದ 1600 ವ್ಯಾಟ್‌ಗಿಂತ ಜಾಸ್ತಿ ತಿನ್ನುವ ಮನೆಬಳಕೆಯ ವ್ಯಾಕ್ಯೂಮ್ ಅನ್ನು ಹೊಸದಾಗಿ ಮಾರುಕಟ್ಟೆಗೆ ಬಿಡುವಂತಿಲ್ಲ ಅಂದರು. 2017ರಲ್ಲಿ ಅದನ್ನೂ 900ಕ್ಕೆ ಇಳಿಸಿದರು. ಅಲ್ಲಿಯ ಮನೆಗಳೇನೂ ಕಸದ ತೊಟ್ಟಿಯಾಗಲಿಲ್ಲ.

ಓದಿಕೊಂಡವರಿಗೆ ಇದನ್ನು ಅರ್ಥ ಮಾಡಿಸುವುದೇ ನನಗೆ ಕಷ್ಟ. ಗುಬ್ಬಿ ಕಡೆಯ ತೆಂಗಿನ ತೋಟದವರೊಬ್ಬರಿಗೆ ಒಂದೇ ಮಾತಿಗೆ ತಿಳಿಯಿತು. "ಅದೇ ಕಣಪ್ಪ, 10 ಎಚ್‌ಪಿ ಮೋಟ್ರು ಬಿಟ್ರೂ ಪೈಪ್ ಕಟ್ಕೊಂಡಿದ್ರೆ ನೀರೆಲ್ಲಿ ಬತ್ತೈತೆ?" ಅಂದರು. ಅಷ್ಟೇ ವಿಷಯ. ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬೋರ್‌ವೆಲ್‌ನಲ್ಲಿ ನೀರಿಲ್ಲದೆ ಮೋಟರ್ ಓಡಿಸಿದರೆ ಸುಡುತ್ತದಲ್ಲ, ಇದೂ ಹಾಗೇನಾ ಅಂದರು. ಹಾಗೇ. ಸಬ್‌ಮರ್ಸಿಬಲ್ ಮೋಟರನ್ನು ಸುತ್ತಲಿನ ನೀರು ತಣ್ಣಗಿಡುತ್ತದೆ. ಮನೆಯಲ್ಲಿ ಒಣ ಕಸ ಎಳೆಯುವ ಸಾಮಾನ್ಯ ವ್ಯಾಕ್ಯೂಮ್‌ಗಳಲ್ಲಿ ಪೈಪಿನಿಂದ ಎಳೆದ ಗಾಳಿಯೇ ಫಿಲ್ಟರ್ ದಾಟಿ, ಮೋಟರಿನ ಮೇಲೆ ಹರಿದು, ಅದನ್ನು ತಣ್ಣಗೆ ಮಾಡಿ ಹೊರಗೆ ಹೋಗುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಕಸವೂ ಬರುವುದಿಲ್ಲ, ಮೋಟರಿಗೆ ಉಸಿರೂ ಇರುವುದಿಲ್ಲ. ನೀರನ್ನೂ ಎಳೆಯುವ ದೊಡ್ಡ ಡ್ರಮ್ಮಿನಂಥ ಮಷಿನ್‌ಗಳಲ್ಲಿ ಮೋಟರಿಗೆ ಬೇರೆ ಫ್ಯಾನ್ ಇರುತ್ತದೆ, ಅವು ಸ್ವಲ್ಪ ತಾಳುತ್ತವೆ. ಉಳಿದವು ತಾಳುವುದಿಲ್ಲ.

ಇನ್ನು ಜನ ಮೋಸ ಹೋಗುವ ಜಾಗಕ್ಕೆ ಬರುತ್ತೇನೆ. ಗಾಳಿ ಕಟ್ಟಿಕೊಂಡಾಗ ಮಷಿನ್‌ನ ಸದ್ದು ತಗ್ಗುವುದಿಲ್ಲ, ಏರುತ್ತದೆ. ತಳ್ಳಲು ಗಾಳಿ ಇಲ್ಲದ್ದರಿಂದ ಒಳಗಿನ ಫ್ಯಾನಿಗೆ ಭಾರ ಕಮ್ಮಿಯಾಗುತ್ತದೆ, ಮೋಟರ್ ಇನ್ನೂ ಜೋರಾಗಿ ತಿರುಗುತ್ತದೆ, 'ಕೀ' ಅಂತ ಮೇಲಿನ ಸ್ವರಕ್ಕೆ ಹೋಗುತ್ತದೆ. ಮನೆಯವರು "ಆಹಾ, ಎಷ್ಟು ಚೆನ್ನಾಗಿ ಎಳೀತಿದೆ" ಅಂದುಕೊಂಡು ಸೋಫಾ ಮೇಲೆ ಇನ್ನೊಂದು ಸುತ್ತು ಓಡಿಸುತ್ತಾರೆ. ಅದು ಎಳೆಯುತ್ತಿಲ್ಲ ಸ್ವಾಮಿ, ಉಸಿರು ಕಟ್ಟಿ ಕೂಗುತ್ತಿದೆ. ಕೂಡಲೇ ಆಫ್ ಮಾಡಿ. ಕೆಲವು ಮಷಿನ್ ಬಿಸಿಯಾದಾಗ ತಾವೇ ನಿಲ್ಲುತ್ತವೆ. ಪ್ಲಗ್ ಕಿತ್ತು, ಕಟ್ಟಿಕೊಂಡದ್ದನ್ನು ತೆಗೆದು, ಒಂದು ಗಂಟೆ ಬಿಟ್ಟರೆ ಮತ್ತೆ ಓಡುತ್ತವೆ. "ಸತ್ತುಹೋಯ್ತು" ಅಂತ ಆಟೋದಲ್ಲಿ ಹೊತ್ತು ತಂದದ್ದು ನನ್ನ ಬೆಂಚಿನ ಮೇಲೆ ಸುಮ್ನೆ ಬದುಕಿಕೊಂಡದ್ದು ಎಷ್ಟೋ ಸಲ. ಆದರೆ ಸುಟ್ಟ ವಾಸನೆ ಬಂದಿದ್ದರೆ ಮತ್ತೆ ಹಾಕಿ ನೋಡಬೇಡಿ.

ನಾಯಿ ಬೆಕ್ಕಿನ ಮನೆಯಲ್ಲಿ ಇದು ಯಾಕೆ ಬೇಗ ಆಗುತ್ತದೆ? ಬರೀ ಕೂದಲಾಗಿದ್ದರೆ ತೊಂದರೆ ಅಷ್ಟಿರಲಿಲ್ಲ. ಕೂದಲು, ಅದರ ಜೊತೆ ಉದುರುವ ಚರ್ಮದ ಹೊಟ್ಟು, ಮನೆಯ ಧೂಳು ಮೂರೂ ಸೇರಿ ಫಿಲ್ಟರ್ ಮೇಲೆ ಕಂಬಳಿ ನೇಯ್ದಂತೆ ಕೂರುತ್ತವೆ. ಉದ್ದ ಕೂದಲು ತಿರುಗುವ ಬ್ರಷ್‌ಗೆ ಸುತ್ತಿಕೊಂಡು ತುದಿಯ ಬೇರಿಂಗ್‌ವರೆಗೂ ಹೋಗುತ್ತದೆ. ವಾರಕ್ಕೊಮ್ಮೆ ಕತ್ತರಿ ಹಿಡಿದು ಬಿಡಿಸದಿದ್ದರೆ ಆ ತುದಿಯ ಪ್ಲಾಸ್ಟಿಕ್ ಕರಗುತ್ತದೆ. ಅದರ ಮೇಲೆ ನಮ್ಮವರು ರಂಗೋಲಿ ಪುಡಿ, ಊದುಬತ್ತಿ ಬೂದಿ, ದೇವರ ಮನೆಯ ವಿಭೂತಿ, ಚೆಲ್ಲಿದ ರಾಗಿ ಹಿಟ್ಟು ಎಲ್ಲವನ್ನೂ ಅದೇ ಪೈಪಿಗೆ ಕೊಡುತ್ತಾರೆ. ಇಷ್ಟು ನುಣ್ಣನೆಯ ಪುಡಿಗೆ ಪೊರಕೆಯೇ ಸರಿ.

ಅಂಗಡಿಯಲ್ಲಿ ಪೈಪನ್ನು ಅಂಗೈಗೆ ಅಂಟಿಸಿ ತೋರಿಸುತ್ತಾರಲ್ಲ, ಅದನ್ನು ನೋಡಿ ಮರುಳಾಗಬೇಡಿ. ಒಳಗಿನ ಕಸದ ಬ್ಯಾಗ್ ಖಾಲಿ ಇದ್ದಾಗ ಎಲ್ಲವೂ ಅಂಟುತ್ತವೆ. ಸೆಳೆತವನ್ನು ಪ್ಯಾಸ್ಕಲ್‌ನಲ್ಲಿ, ಗಾಳಿಯ ಹರಿವನ್ನು ಸೆಕೆಂಡಿಗೆ ಇಷ್ಟು ಲೀಟರ್ ಅಂತ ಅಳೆಯುತ್ತಾರೆ. ಎರಡೂ ಬರೆದಿದ್ದರೆ ಒಳ್ಳೆಯದು. ಅದಕ್ಕಿಂತ ಮುಖ್ಯವಾಗಿ, ಡಬ್ಬ ಬಿಚ್ಚಿಸಿ ಫಿಲ್ಟರ್ ತೆಗೆದು ತೋರಿಸಲು ಹೇಳಿ. ಮಾರುವವನಿಗೇ ಐದು ನಿಮಿಷ ಬೇಕಾದರೆ ನೀವು ಮನೆಯಲ್ಲಿ ಅದನ್ನು ತೆಗೆಯುವುದೇ ಇಲ್ಲ, ಬರೆದು ಕೊಡುತ್ತೇನೆ. ಹೊಸ ಫಿಲ್ಟರ್, ಬ್ಯಾಗ್, ಬ್ರಷ್ ಊರಲ್ಲೇ ಸಿಗುತ್ತದಾ ಅಂತ ಈಗಲೇ ಕೇಳಿ. ತೊಳೆಯುವ ಫಿಲ್ಟರ್ ಆದರೆ ಒಂದು ಜೋಡಿ ಜಾಸ್ತಿ ಇಟ್ಟುಕೊಳ್ಳಿ. ಒಂದು ಪೂರ್ತಿ ದಿನ ಒಣಗಬೇಕು. ಮಳೆಗಾಲದಲ್ಲಿ ಅರ್ಧ ಒದ್ದೆ ಇರುವಾಗಲೇ ಹಾಕಿ, "ಮಷಿನ್ ಆನ್ ಮಾಡಿದ್ರೆ ನಾಯಿ ವಾಸನೆ" ಅಂತ ನನ್ನ ಹತ್ತಿರ ಬರುತ್ತಾರೆ.

ನಮ್ಮ ಮನೆಗಳಲ್ಲಿ ಕಾರ್ಪೆಟ್ ಎಲ್ಲಿದೆ? ಟೈಲ್ಸ್, ಗ್ರಾನೈಟ್, ಹಳೇ ಮನೆಯಾದರೆ ರೆಡ್ ಆಕ್ಸೈಡ್. ಇಂಥ ನುಣುಪು ನೆಲದಲ್ಲಿ ಗಡುಸು ಬ್ರಷ್ ಕೂದಲನ್ನು ಎಳೆಯುವ ಬದಲು ಮೂಲೆಗೆ ಎಸೆಯುತ್ತದೆ. ಮೆತ್ತನೆಯ ರೋಲರ್ ಬೇಕು. ಸೋಫಾಕ್ಕೆ, ಹಾಸಿಗೆಗೆ ತನ್ನದೇ ಮೋಟರ್ ಇರುವ ಪುಟ್ಟ ಬ್ರಷ್ ಇದ್ದರೆ ಅದಕ್ಕೆ ಕೊಟ್ಟ ದುಡ್ಡು ದಂಡವಲ್ಲ. ವೈರ್ ಇಲ್ಲದ್ದು ತಗೊಳ್ಳುವುದಾದರೆ ಬ್ಯಾಟರಿ ಬಿಚ್ಚಿ ಬದಲಾಯಿಸಲು ಬರಬೇಕು. ಪೆಟ್ಟಿಗೆ ಮೇಲೆ ಬರೆದ 40, 60 ನಿಮಿಷ ತೀರ ಕಮ್ಮಿ ಸೆಳೆತದ್ದು. ಜೋರಿಗೆ ಹಾಕಿದರೆ ಬಹಳಷ್ಟು ಮಷಿನ್ 10 ನಿಮಿಷದ ಆಸುಪಾಸಿಗೆ ಮಲಗುತ್ತವೆ. ಮತ್ತೆ ಆ 2000 ವ್ಯಾಟ್‌ನದ್ದು 230 ವೋಲ್ಟ್‌ನಲ್ಲಿ ಹತ್ತಿರಹತ್ತಿರ 9 ಆಂಪ್ ಎಳೆಯುತ್ತದೆ. ಹಾಲ್‌ನ 6 ಆಂಪ್ ಪಾಯಿಂಟಿಗೆ, ಅದರಲ್ಲೂ ಟಿವಿ ಇರುವ ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚಬೇಡಿ.

ಸೀನು ಬರುವ ಮನೆಯವರು ಹೆಪಾ ಫಿಲ್ಟರ್, ಅಂದರೆ ತೀರ ಸಣ್ಣ ಧೂಳನ್ನೂ ಹಿಡಿಯುವ ಫಿಲ್ಟರ್ ಕೇಳುತ್ತಾರೆ. ಬೆಕ್ಕಿನ ಅಲರ್ಜಿಗೆ ಮುಖ್ಯ ಕಾರಣ ಕೂದಲಲ್ಲ, ಅದರ ಜೊಲ್ಲು ಮತ್ತು ಚರ್ಮದಲ್ಲಿರುವ ಪ್ರೋಟೀನು. ಅದು ಕಣ್ಣಿಗೆ ಕಾಣದ ಪುಡಿಯಾಗಿ ಹಾರುತ್ತದೆ. ನಿಜವಾದ ಹೆಪಾ 0.3 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಕಣಗಳಲ್ಲಿ ಶೇ. 99.97ರಷ್ಟನ್ನು ಹಿಡಿಯಬೇಕು. 'ಹೆಪಾ ಟೈಪ್' ಅಂತ ಬರೆದದ್ದಕ್ಕೆ ಆ ಖಾತ್ರಿ ಇಲ್ಲ. ಫಿಲ್ಟರ್ ಸುತ್ತಲಿನ ರಬ್ಬರ್ ಸಡಿಲವಿದ್ದರಂತೂ ಯಾವ ಹೆಪಾ ಇದ್ದೂ ವ್ಯರ್ಥ. ಉಬ್ಬಸ ಇರುವವರು ಡಾಕ್ಟರ್ ಹತ್ತಿರ ಕೇಳಿಯೇ ಮುಂದುವರಿಯಿರಿ. ನಾನು ಮೋಟರಿಗೆ ಮಾತ್ರ ಡಾಕ್ಟರ್.

ತಾನೇ ಮನೆಯೆಲ್ಲ ಓಡಾಡಿ ಕಸ ಎಳೆಯುವ ರೋಬೋ ವ್ಯಾಕ್ಯೂಮ್ ಬಗ್ಗೆ ಕೇಳಬೇಡಿ. ಆದರೂ ಹೇಳುತ್ತೇನೆ. ಒಬ್ಬರು ಬೆಳಿಗ್ಗೆ ಐದಕ್ಕೆ ಓಡುವಂತೆ ಟೈಮರ್ ಇಟ್ಟಿದ್ದರು. ಅವತ್ತು ರಾತ್ರಿ ಮರಿನಾಯಿಗೆ ಹೊಟ್ಟೆ ಕೆಟ್ಟಿತ್ತು. ಮನೆಯವರು ಏಳುವ ಹೊತ್ತಿಗೆ ರೋಬೋ ಹಾಲ್‌ನಿಂದ ದೇವರ ಮನೆ ಬಾಗಿಲವರೆಗೂ ಶಿಸ್ತಾಗಿ ಸಾರಿಸಿ ಮುಗಿಸಿತ್ತು. ಆ ಮಷಿನ್ ಬಿಚ್ಚಲು ನಾನು ಒಪ್ಪಲಿಲ್ಲ.

ಕ್ಯಾತ್ಸಂದ್ರದಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರಿದ್ದಾರೆ. ಲ್ಯಾಬ್ರಡಾರ್ ಸಾಕಿದ್ದಾರೆ, ಅದರ ಹೆಸರು ರಾಜಾ. ಒಂದೇ ವರ್ಷದಲ್ಲಿ ಮೂರು ಸಲ ಮಷಿನ್ ತಂದರು. ಮೂರನೇ ಸಲ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪೈಪಿನ ಬಾಯಿಗೆ ಕೈ ಅಡ್ಡ ಹಿಡಿದು ಸದ್ದು ಹೇಗೆ ಏರುತ್ತದೆ ಅಂತ ಕೇಳಿಸಿದೆ. ರಾಜನನ್ನು ದಿನಾ ಅಂಗಳದಲ್ಲೇ ಬಾಚಿ, ಅರ್ಧ ಕೂದಲು ಒಳಗೆ ಬರುವುದೇ ಇಲ್ಲ ಅಂತಲೂ ಹೇಳಿದೆ. ಹೋದ ವಾರ ಫೋನ್ ಬಂತು.

"ಏನಯ್ಯಾ, ಶ್ರುತಿ ಏರಿಬಿಡ್ತು. ಆಫ್ ಮಾಡಿದೀನಿ. ಈಗ ಏನ್ ಮಾಡ್ಲಿ?"

"ಪ್ಲಗ್ ಕೀಳಿ ಸಾರ್. ಪೈಪ್ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ."

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೊಮ್ಮಗನನ್ನು ಬೈಯುವುದು ಕೇಳಿಸಿತು. ಒಳಗೆ ಅವನ ಸ್ಕೂಲ್ ಸಾಕ್ಸ್ ಇತ್ತು.