ಕಪ್ಪೆಮರಿಯಿಂದ ನಿದ್ದೆ ಗುಳಿಗೆಯವರೆಗೆ

ಉತ್ತರ ಕನ್ನಡದ ಕರಾವಳಿಗೆ ರಾತ್ರಿ ಎಚ್ಚರ ಇರುವುದು ಹೊಸತಲ್ಲ. ಬಯಲಾಟದ ಮೇಳದವರು ಬೆಳಗಿನವರೆಗೆ ಕುಣಿದು ಹಗಲು ಮಲಗುತ್ತಾರೆ. ಕೈಗಾ ಅಣುಸ್ಥಾವರದಲ್ಲಿ ರಾತ್ರಿ ಪಾಳಿ ಇದೆ. ಬೈತಖೋಲದ ಮೀನು ಬೋಟುಗಳು ಕತ್ತಲಿರುವಾಗಲೇ ಹೊರಡುತ್ತವೆ. ಇವರ ನಿದ್ದೆ ಯಾಕೆ ಕೆಡುತ್ತದೆ ಎಂದು ಯಾರೂ ಕೇಳುವುದಿಲ್ಲ. ಹೊತ್ತಿಗೆ ಸರಿಯಾಗಿ ಉಂಡು ಮಲಗಿ, ಎರಡು ಗಂಟೆವರೆಗೆ ಹೊರಳಾಡುವವರ ಕತೆ ಬೇರೆ. ಅವರಿಗೆ ಈಗ ಯಾರೋ ಒಬ್ಬರು ಮೆಲಟೋನಿನ್ ಗುಳಿಗೆಯ ಹೆಸರು ಹೇಳಿಯೇ ಹೇಳುತ್ತಾರೆ.

ಮೆಲಟೋನಿನ್ ಒಂದು ಹಾರ್ಮೋನು, ಮಿದುಳಿನ ನಡುವಿರುವ ಪೀನಿಯಲ್ ಗ್ರಂಥಿಯ ಸರಕು. ಗ್ರಂಥಿ ಕಾಳುಮೆಣಸಿಗಿಂತ ತುಸು ದೊಡ್ಡದು, ಅಷ್ಟೆ. 17ನೇ ಶತಮಾನದಲ್ಲಿ ಫ್ರಾನ್ಸಿನ ತತ್ವಜ್ಞಾನಿ ದೇಕಾರ್ತ್ ಈ ಗ್ರಂಥಿಯನ್ನೇ ಆತ್ಮದ ಮುಖ್ಯ ಪೀಠ ಎಂದಿದ್ದ. ವಾಟ್ಸಾಪಿನಲ್ಲಿ ಇದು ಇವತ್ತಿಗೂ ಮೂರನೇ ಕಣ್ಣು! ತಮಾಷೆ ಏನೆಂದರೆ, ನಮ್ಮ ಬೇಲಿಯ ಮೇಲಿನ ಓತಿಕ್ಯಾತಕ್ಕೆ ನೆತ್ತಿಯಲ್ಲಿ ಬೆಳಕು ಗುರುತಿಸುವ ಪುಟ್ಟ ಕಣ್ಣು ನಿಜಕ್ಕೂ ಇದೆ. ನಮಗಿಲ್ಲ.

ಮೆಲಟೋನಿನ್ ಪತ್ತೆಯಾಗಿದ್ದು ನಿದ್ದೆಯ ಹುಡುಕಾಟದಲ್ಲಿ ಅಲ್ಲವೇ ಅಲ್ಲ. 1917ರಲ್ಲಿ ಅಮೆರಿಕದ ಮೆಕಾರ್ಡ್ ಮತ್ತು ಅಲೆನ್ ದನದ ಪೀನಿಯಲ್ ಗ್ರಂಥಿಯನ್ನು ಕಪ್ಪೆಮರಿಗಳ ಮೇಲೆ ಪ್ರಯೋಗಿಸಿದಾಗ ಅವುಗಳ ಮೈಬಣ್ಣ ತಿಳಿಯಾಯಿತು. ಈ ಜಾಡು ಹಿಡಿದು 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚರ್ಮವೈದ್ಯ ಆರನ್ ಲರ್ನರ್ ಆ ವಸ್ತುವನ್ನು ಬೇರ್ಪಡಿಸಿದರು. ತೊನ್ನಿಗೆ ಮದ್ದು ಸಿಕ್ಕೀತು ಎಂಬ ಆಸೆ ಅವರದು. ಅದು ಕೈಗೂಡಲಿಲ್ಲ.

ನಿದ್ದೆಯ ನಂಟು ಆಮೇಲೆ ಬಂತು. 1980ರಲ್ಲಿ ಆಲ್ಫ್ರೆಡ್ ಲೂಯಿ ಮತ್ತು ಜೊತೆಗಾರರು ಒಂದು ಸಂಗತಿ ತೋರಿಸಿದರು: ರಾತ್ರಿ ಪ್ರಖರ ಬೆಳಕು ಬಿದ್ದರೆ ಮನುಷ್ಯರಲ್ಲೂ ಮೆಲಟೋನಿನ್ ಇಳಿಯುತ್ತದೆ. ಬೆಳಕಿನ ಸುದ್ದಿ ಹೋಗುವ ದಾರಿ ಬಲು ಸುತ್ತು. ಕಣ್ಣಿನಿಂದ, ಹಗಲು ರಾತ್ರಿಯ ಲೆಕ್ಕ ಇಡುವ ಮಿದುಳಿನ ಗಡಿಯಾರಕ್ಕೆ, ಅಲ್ಲಿಂದ ಬೆನ್ನುಹುರಿಗೆ ಇಳಿದು, ಕುತ್ತಿಗೆಯ ನರಗಂಟಿನ ಮೂಲಕ ಮತ್ತೆ ಮೇಲೆ ಗ್ರಂಥಿಗೆ. ಹಾಗಾಗಿ ಕುತ್ತಿಗೆ ಭಾಗದಲ್ಲಿ ಬೆನ್ನುಹುರಿ ಪೂರ್ತಿ ಕತ್ತರಿಸಿ ಹೋದವರಲ್ಲಿ ರಾತ್ರಿಯ ಮೆಲಟೋನಿನ್ ಏರುವುದೇ ಇಲ್ಲ.

ಸಾಮಾನ್ಯವಾಗಿ ಮಲಗುವ ಹೊತ್ತಿಗೆ ಸುಮಾರು ಎರಡು ತಾಸು ಮೊದಲು ಇದು ಏರತೊಡಗುತ್ತದೆ. ಕತ್ತಲಾಯಿತು ಎಂದು ದೇಹಕ್ಕೆ ತಿಳಿಸುವುದು ಇದರ ಕೆಲಸ. ಹಿಡಿದು ಮಲಗಿಸುವುದಲ್ಲ. ರಾತ್ರಿ ಎಚ್ಚರವಿದ್ದು ಓಡಾಡುವ ಇಲಿಗಳಲ್ಲೂ ಇದು ಏರುವುದು ರಾತ್ರಿಯೇ. ಗುಳಿಗೆ ಮಾರುವವರು ಈ ಮಾತನ್ನು ಹೇಳುವುದಿಲ್ಲ.

ಹಾಗಾದರೆ ನಿದ್ದೆ ಬಾರದವರಲ್ಲಿ ಇದು ಕಮ್ಮಿಯೇ? 2014ರ ಒಂದು ಎಂಆರ್‌ಐ ಅಧ್ಯಯನದಲ್ಲಿ ಅಂಥವರ ಗ್ರಂಥಿ ಚಿಕ್ಕದಾಗಿ ಕಂಡಿತ್ತು. ಅದು ಕಾರಣವೋ ಪರಿಣಾಮವೋ ಅಷ್ಟರಿಂದ ಹೇಳಲಾಗದು. ಗುಳಿಗೆಯ ಲಾಭವೂ ಸಣ್ಣದೇ. 2013ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದಾಗ ನಿದ್ದೆ ಹತ್ತುವುದು ಸರಾಸರಿ ಏಳು ನಿಮಿಷ ಬೇಗ ಆಗಿತ್ತು. 2017ರಲ್ಲಿ ಅಮೆರಿಕದ ನಿದ್ರಾ ವೈದ್ಯರ ಸಂಘ, ದೊಡ್ಡವರ ನಿದ್ರಾಹೀನತೆಗೆ ಇದು ಬೇಡ ಎಂದಿತು. ಯುರೋಪಿನಲ್ಲಿ 55 ದಾಟಿದವರಿಗೆ ನಿಧಾನವಾಗಿ ಕರಗುವ 2 ಮಿಲಿಗ್ರಾಂ ಗುಳಿಗೆಗೆ 2007ರಿಂದ ಒಪ್ಪಿಗೆ ಇದೆ.

ಇಲ್ಲೇ ಮೇಳದವರ ಮಾತು ಬರುತ್ತದೆ. ಅವರದು ಗಡಿಯಾರ ಜರುಗಿದ ತೊಂದರೆ. ಅಂಥಲ್ಲಿ, ವಿಮಾನದಲ್ಲಿ ದೂರ ದೇಶಕ್ಕೆ ಹೋದಾಗಲೂ, ಹೊತ್ತು ನೋಡಿ ಕೊಟ್ಟ ಮೆಲಟೋನಿನ್ ಕೆಲಸ ಮಾಡಬಹುದು. ಸಾಲ, ಮಗಳ ಮದುವೆ, ಮಂಡಿನೋವು ಎಂದು ಎಚ್ಚರ ಇರುವವರಿಗೆ ಕತ್ತಲಾದ ಸುದ್ದಿ ಗೊತ್ತೇ ಇದೆ, ಅಲ್ವಾ? ತಿಂಗಳುಗಟ್ಟಲೆ ಹೀಗೇ ಆದರೆ ವೈದ್ಯರು ಮೊದಲು ಹೇಳಬೇಕಾದ್ದು ಸಿಬಿಟಿ ಎಂಬ ಮಾತಿನ ಚಿಕಿತ್ಸೆ. ಅದರಲ್ಲಿ ಹಾಸಿಗೆಯ ಮೇಲೆ ಸುಮ್ನೆ ಬಿದ್ದಿರುವ ಹೊತ್ತನ್ನು ಕಡಿಮೆ ಮಾಡಿಸುತ್ತಾರೆ. ದಿನಾ ಒಂದೇ ಹೊತ್ತಿಗೆ ಏಳಿಸುತ್ತಾರೆ. ಮೊದಲ ಒಂದೆರಡು ವಾರ ಹಗಲಲ್ಲಿ ತೂಕಡಿಕೆ ಜಾಸ್ತಿಯೇ ಆಗುತ್ತದೆ. ಬೈಕ್, ಬೋಟು ಓಡಿಸುವವರು ತಮ್ಮ ಈ ಕೆಲಸವನ್ನು ವೈದ್ಯರಿಗೆ ಮೊದಲೇ ಹೇಳಬೇಕು.