ಓಟವೇ ರೂಪಿಸಿದ ಮುಧೋಳ ನಾಯಿ

ಮುಧೋಳ ನಾಯಿ ನಾಗಾಲೋಟದಲ್ಲಿರುವಾಗ ಪಕ್ಕದಿಂದ ನೋಡಬೇಕು. ಬೆನ್ನು ಬಿಲ್ಲಿನಂತೆ ಬಾಗಿ, ಹಿಂಗಾಲುಗಳು ಮುಂಗಾಲುಗಳನ್ನೂ ದಾಟಿ ಮುಂದೆ ಬರುತ್ತವೆ; ಮರುಗಳಿಗೆಗೆ ಇಡೀ ಮೈ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಒಂದೊಂದು ದಾಪಿನಲ್ಲೂ ಎರಡು ಸಲ ನಾಲ್ಕೂ ಕಾಲುಗಳು ನೆಲ ಬಿಟ್ಟಿರುತ್ತವೆ: ಮೈ ಮುದುಡಿದಾಗ ಒಮ್ಮೆ, ಚಾಚಿದಾಗ ಇನ್ನೊಮ್ಮೆ. ಆಳವಾದ ಎದೆಗೂಡಿನಲ್ಲಿ ಹೃದಯಕ್ಕೂ ಶ್ವಾಸಕೋಶಗಳಿಗೂ ಧಾರಾಳ ಜಾಗವಿದೆ. ಒಳಸೇರಿದ ಹೊಟ್ಟೆಯನ್ನು ಕಂಡು ಪಾಪ, ಹಸಿದಿದೆ ಎನ್ನುವವರಿದ್ದಾರೆ. ಅದು ಹಸಿವಲ್ಲ, ಈ ತಳಿಯ ಮೈಕಟ್ಟೇ ಹಾಗೆ.

ಇದು ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ನಾಯಿ. ಉದ್ದ ಮೂತಿಯ ನಾಯಿಗಳ ಅಕ್ಷಿಪಟಲದಲ್ಲಿ, ಅಂದರೆ ಕಣ್ಣಿನ ಒಳಪರದೆಯಲ್ಲಿ, ನರಕೋಶಗಳು ಒಂದು ಅಡ್ಡಪಟ್ಟಿಯಾಗಿ ದಟ್ಟವಾಗಿರುತ್ತವೆ. ಬಯಲಿನ ಅಂಚಿನಲ್ಲಿ ಮೊಲವೊಂದು ಕದಲಿದರೂ ಗುರುತಿಸಲು ಅಂಥ ಕಣ್ಣು ಬೇಕು. ಬಾಗಲಕೋಟೆ ಸೀಮೆಯ ಬಯಲಿನಲ್ಲಿ ಬೇಟೆಗಾರರು ತಲೆಮಾರುಗಳ ಕಾಲ ಚೆನ್ನಾಗಿ ಓಡುವ ನಾಯಿಗಳನ್ನೇ ಕೂಡಿಸುತ್ತ ಬಂದರು. ಮುಧೋಳದ ಘೋರ್ಪಡೆ ಅರಸರು ಈ ತಳಿಗೆ ಆಶ್ರಯ ಕೊಟ್ಟರು.

ತೋಳದ ಬೇಟೆಯಲ್ಲಿ ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಕಚ್ಚುವುದು, ಕೊಲ್ಲುವುದು ಒಂದರ ಹಿಂದೆ ಒಂದು ನಡೆಯುತ್ತವೆ. ಮನುಷ್ಯ ಈ ಸರಣಿಯನ್ನೇ ಬೇಕಾದಂತೆ ತಿದ್ದಿದ. ಸ್ಕಾಟ್ಲೆಂಡ್ ಗಡಿಸೀಮೆಯ ಬಾರ್ಡರ್ ಕೋಲಿ ಕುರಿಗಳನ್ನು ದಿಟ್ಟಿಸಿ, ಹೊಂಚಿ, ಅಟ್ಟಿ ಹಿಂಡು ಕೂಡಿಸುತ್ತದೆ. ಕಚ್ಚುವ ಹಂತಕ್ಕೆ ಹೋಗುವುದಿಲ್ಲ. ಹಿಂಡನ್ನು ಅಟ್ಟದೆ, ಅದರ ಜೊತೆಗಿದ್ದು ಕಾವಲು ಕಾಯುವ ತಳಿಗಳಲ್ಲಿ ಇಡೀ ಬೇಟೆಯ ತುಡಿತವೇ ಮಂಕಾಗಿದೆ. ಮುಧೋಳ ನಾಯಿಯಲ್ಲಿ ಅಟ್ಟುವ ಹಂತ ಹಿಗ್ಗಿದೆ. ತಳಿ ಎಂದರೆ ಬಣ್ಣ, ಕಿವಿಗಳಷ್ಟೇ ಅಲ್ಲ, ನಡವಳಿಕೆಯೂ ಹೌದು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

1873ರಲ್ಲಿ ಲಂಡನ್‌ನಲ್ಲಿ ನಾಯಿ ತಳಿಗಳ ನೋಂದಣಿ, ಪ್ರದರ್ಶನಗಳನ್ನು ನೋಡಿಕೊಳ್ಳುವ ಕೆನಲ್ ಕ್ಲಬ್ ಹುಟ್ಟಿದ ಮೇಲೆ ಅನೇಕ ತಳಿಗಳ ಆಯ್ಕೆ ಹೊಲದಿಂದ ಪ್ರದರ್ಶನದ ಅಂಗಳಕ್ಕೆ ಬಂತು. ಕಟ್ಟಿಹಾಕಿದ ಗೂಳಿಯ ಮೇಲೆ ನಾಯಿ ಛೂಬಿಡುವ ಆಟಕ್ಕೆಂದು ಬೆಳೆಸಿದ ಬುಲ್‌ಡಾಗ್ ಮೂತಿ ಚಪ್ಪಟೆಯಾಗುತ್ತ ಹೋಗಿ, ಇಂದು ಉಸಿರಿಗೇ ತಿಣುಕುತ್ತದೆ.

ಮುಧೋಳಕ್ಕೂ ಈ ಅಪಾಯ ದೂರವಿಲ್ಲ. 1972ರ ವನ್ಯಜೀವಿ ಕಾಯ್ದೆಯಡಿ ಮೊಲದ ಬೇಟೆ ಅಪರಾಧ, ಅದು ಸರಿಯೂ ಹೌದು. ಆದರೆ ನಾಯಿಯ ಹಳೆಯ ಕೆಲಸ ಹೋಯಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ತಳಿ ಸಂವರ್ಧನೆ ನಡೆಯುತ್ತಿದೆ, ಸೇನೆಯೂ ಈ ನಾಯಿಗಳನ್ನು ಪಡೆದು ತರಬೇತಿ ಕೊಟ್ಟಿದೆ. ಇವು ಒಳ್ಳೆಯ ಹೆಜ್ಜೆಗಳು. ಮರಿ ಕೊಳ್ಳುವವರೂ ಬಣ್ಣ ಕೇಳುವ ಮುನ್ನ ತಾಯಿ, ತಂದೆ ನಾಯಿಗಳನ್ನು ಬಯಲಿನಲ್ಲಿ ಓಡಿಸಿ ತೋರಿಸಿ ಎಂದು ಕೇಳಬೇಕು. ಓಡಲಾರದ ನಾಯಿಗೆ ಸಂತಾನವೃದ್ಧಿಯಲ್ಲಿ ಜಾಗವಿರಕೂಡದು.