ಗೋಡೆಗೆ ಹೊಡೆದ ಡಿಡಿಟಿ, ಗದ್ದೆಗೆ ಹೊಡೆದ ಡಿಡಿಟಿ

ಕಕ್ಕಡ ತಿಂಗಳ ಮಳೆ ಸ್ವಲ್ಪ ಬಿಡುವು ಕೊಟ್ಟಿದ್ದ ಒಂದು ಮಧ್ಯಾಹ್ನ. ದಕ್ಷಿಣ ಕೊಡಗಿನ ಒಂದು ಊರಿನಲ್ಲಿ ಡೆಂಗಿ ಬಗ್ಗೆ ಸಭೆ ಇಟ್ಟುಕೊಂಡಿದ್ದೆವು. ಆಶಾ ಕಾರ್ಯಕರ್ತೆಯರು, ಪಂಚಾಯಿತಿ ಸದಸ್ಯರು, ಇಪ್ಪತ್ತು ಮೂವತ್ತು ಮಂದಿ ಬೆಳೆಗಾರರು ಬಂದಿದ್ದರು. ನನ್ನ ಮಾತು ಮುಗಿಯುವ ಮೊದಲೇ ಹಿಂದಿನ ಸಾಲಿನ ಹಿರಿಯರೊಬ್ಬರು ಎದ್ದು ನಿಂತರು.

"ಡಾಕ್ಟ್ರೇ, ನಾವು ಚಿಕ್ಕವರಿದ್ದಾಗ ವರ್ಷಕ್ಕೆ ಎರಡು ಸಲ ಡಿಡಿಟಿ ಹೊಡೆಯೋರು ಬರ್ತಿದ್ರು. ಗೋಡೆಯೆಲ್ಲ ಬೆಳ್ಳಗಾಗ್ತಿತ್ತು. ಚಳಿಜ್ವರ ಹೋಯ್ತು, ತಿಗಣೆನೂ ಹೋಯ್ತು. ಆಮೇಲೆ ಯಾರೋ ಹೊರದೇಶದವರು ಪರಿಸರ ಅಂತ ಹೇಳಿ ಅದನ್ನ ಬ್ಯಾನ್ ಮಾಡಿಸಿದ್ರು. ಈಗ ನೋಡಿ, ಮನೆಮನೆಗೂ ಡೆಂಗಿ. ಬ್ಯಾನ್ ಮಾಡಿದವರು ಬಂದು ನಮ್ಮ ಮೊಮ್ಮಕ್ಕಳಿಗೆ ಡ್ರಿಪ್ ಹಾಕ್ತಾರಾ?"

ಸಭೆ ಚಪ್ಪಾಳೆ ತಟ್ಟಿತು. ಆ ದಿನ ಐದು ನಿಮಿಷದಲ್ಲಿ ನನಗೆ ತೋಚಿದ ಉತ್ತರ ಕೊಟ್ಟೆ. ಅದು ಸಾಲಲಿಲ್ಲ ಎಂಬ ಕೊರಗು ಇದ್ದೇ ಇದೆ. ಅವರ ಮಾತಿನಲ್ಲಿ ಅರ್ಧ ನಿಜ, ಅರ್ಧ ತಪ್ಪು ಹೆಣೆದುಕೊಂಡಿದ್ದವು. ಅದನ್ನು ಬಿಡಿಸಲು ಐದು ನಿಮಿಷ ಸಾಕಾಗುವುದಿಲ್ಲ.

ನಿಜವಾದ ಅರ್ಧವನ್ನೇ ಮೊದಲು ಹೇಳುತ್ತೇನೆ. ಚಳಿಜ್ವರ, ಅಂದರೆ ಮಲೇರಿಯಾ, ನಮ್ಮ ಮಲೆನಾಡನ್ನು ಹೇಗೆ ಹಿಂಡಿತ್ತು ಎಂಬುದು ಈಗಿನವರಿಗೆ ಕಲ್ಪನೆಗೂ ಸಿಗುವುದಿಲ್ಲ. ಹೊಟ್ಟೆಯ ಎಡಭಾಗದಲ್ಲಿ ಗುಲ್ಮ ಊದಿಕೊಂಡ ಮಕ್ಕಳನ್ನು ನೋಡಿ ಜನ ಅದಕ್ಕೆ ಜ್ವರಗಡ್ಡೆ ಎಂದು ಹೆಸರಿಟ್ಟಿದ್ದರು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದಾಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ, ಎಂಟು ಲಕ್ಷ ಸಾವು ಎಂಬ ಅಂದಾಜಿತ್ತು. 1965ರ ಹೊತ್ತಿಗೆ ಅದು ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ಈಗ ನಮ್ಮದೇ ರಾಜ್ಯದಲ್ಲಿರುವ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಮಲೇರಿಯಾ ತಜ್ಞ ಡಾ. ಡಿ.ಕೆ. ವಿಶ್ವನಾಥನ್ ಅವರ ತಂಡ ಹಳ್ಳಿಹಳ್ಳಿಯ ಮನೆಗಳ ಗೋಡೆಗೆ ಡಿಡಿಟಿ ಹೊಡೆಸಿ, ಇಡೀ ದೇಶಕ್ಕೆ ದಾರಿ ತೋರಿಸಿದ್ದು 1940ರ ದಶಕದಲ್ಲೇ. ಆ ಸಾಧನೆಯನ್ನು ಹಗುರವಾಗಿ ಕಾಣುವವರ ಜೊತೆ ನಾನಿಲ್ಲ.

ಆದರೆ ಆ ಬಿಳಿ ಪುಡಿ ಕೆಲಸ ಮಾಡಿದ್ದು ಹೇಗೆ ಎಂಬುದನ್ನು ತುಸು ನಿಧಾನವಾಗಿ ನೋಡಬೇಕು. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಗುಡ್ಡದ ಸೀಮೆಯಲ್ಲಿ ಮಲೇರಿಯಾ ಹರಡುತ್ತಿದ್ದದ್ದು ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆ. ಮೆಲ್ಲಗೆ ಹರಿಯುವ ತೋಡಿನ ಅಂಚಿನಲ್ಲಿ, ಜೌಗು ಒಸರುವ ಜಾಗದಲ್ಲಿ ಮೊಟ್ಟೆ ಇಡುತ್ತದೆ. ರಾತ್ರಿ ಮನೆಯೊಳಗೆ ಬಂದು ಮನುಷ್ಯನ ರಕ್ತ ಹೀರುತ್ತದೆ. ಹೊಟ್ಟೆ ಭಾರವಾದ ಮೇಲೆ ಹತ್ತಿರದ ಗೋಡೆಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತದೆ. ಗೋಡೆಯ ಒಂದು ಚದರ ಮೀಟರಿಗೆ ಒಂದು ಗ್ರಾಂ ಡಿಡಿಟಿ ಅಂಟಿಕೊಂಡಿದ್ದರೆ ಅಲ್ಲೇ ಅದರ ಕತೆ ಮುಗಿಯಿತು. ಸೊಳ್ಳೆಯ ಮೈಯೊಳಗೆ ರೋಗಾಣು ಬಲಿಯಲು ಹತ್ತು ಹನ್ನೆರಡು ದಿನ ಬೇಕು. ಅಷ್ಟು ದಿನ ಅದು ಬದುಕದಂತೆ ನೋಡಿಕೊಂಡರೆ ಸಾಕು, ರೋಗದ ಸರಪಳಿ ತುಂಡಾಗುತ್ತದೆ. ಊರಿನ ಎಲ್ಲ ಸೊಳ್ಳೆಯನ್ನೂ ಕೊಲ್ಲಬೇಕಾಗಿಲ್ಲ. ಹೊಳೆಗೆ, ಕಾಡಿಗೆ, ಗದ್ದೆಗೆ ವಿಷ ಸುರಿಯಬೇಕಾಗಿಯೂ ಇಲ್ಲ. ಮನೆಯ ಒಳಗೋಡೆ ಎಷ್ಟಿದೆಯೋ ಅಷ್ಟೇ ಯುದ್ಧಭೂಮಿ.

ಅದೇ ಕಾಲದಲ್ಲಿ ಲೋಕದ ಹೊಲಗಳಿಗೆ ಬಿದ್ದ ಡಿಡಿಟಿಯ ಮುಂದೆ ಈ ಗೋಡೆಯ ಲೆಕ್ಕ ತೀರಾ ಸಣ್ಣದು. ಹತ್ತಿ, ಭತ್ತ, ತರಕಾರಿ, ಎಲ್ಲಕ್ಕೂ ಅದೇ. ಹೊಲದ ವಿಷ ಮಳೆಗೆ ತೊಳೆದು ಸೊಳ್ಳೆಮರಿ ಬೆಳೆಯುವ ನೀರಿಗೇ ಇಳಿಯುತ್ತಿತ್ತು. ಸಾಯದೆ ಉಳಿದವು ಮುಂದಿನ ಪೀಳಿಗೆ ಕಟ್ಟಿದವು. ಬಯಲುಸೀಮೆಯ ಮುಖ್ಯ ಮಲೇರಿಯಾ ಸೊಳ್ಳೆ ಕ್ಯುಲಿಸಿಫೇಸಿಸ್ ಡಿಡಿಟಿಗೆ ಜಗ್ಗುವುದಿಲ್ಲ ಎಂಬುದು ನಮ್ಮ ದೇಶದಲ್ಲಿ ಮೊದಲು ಕಂಡದ್ದು 1959ರಲ್ಲಿ. ನಮ್ಮ ಗುಡ್ಡದ ಫ್ಲೂವಿಯಾಟಿಲಿಸ್ ಮಾತ್ರ ಬಹುಕಾಲ ಡಿಡಿಟಿಗೆ ಮಣಿಯುತ್ತಲೇ ಇತ್ತು. ಮಲೆಯ ತೋಡುಗಳಿಗೆ ಹೊಲದ ವಿಷ ಅಷ್ಟಾಗಿ ಇಳಿಯದೇ ಇದ್ದದ್ದು ಅದಕ್ಕೊಂದು ಕಾರಣ ಎಂಬುದು ನನ್ನ ತಿಳಿವಳಿಕೆ.

ಈಗ ಬ್ಯಾನ್ ವಿಷಯ. ಅಮೆರಿಕ 1972ರಲ್ಲಿ ತನ್ನ ನೆಲದ ಬೆಳೆಗಳಿಗೆ ಡಿಡಿಟಿ ಬೇಡ ಎಂದಿತು. ಆ ಆದೇಶ ನಮ್ಮ ಗೋಡೆಗಳಿಗೆ ಅನ್ವಯಿಸಲಿಲ್ಲ. ನಮ್ಮ ಸರ್ಕಾರಿ ಕಂಪನಿ ಹಿಂದೂಸ್ತಾನ್ ಇನ್‌ಸೆಕ್ಟಿಸೈಡ್ಸ್ ಅದನ್ನು ತಯಾರಿಸುತ್ತಲೇ ಇತ್ತು, ಆರೋಗ್ಯ ಇಲಾಖೆ ಹೊಡೆಯುತ್ತಲೇ ಇತ್ತು. ಆದರೂ 1976ರಲ್ಲಿ ದೇಶದ ಮಲೇರಿಯಾ ಪ್ರಕರಣ 64 ಲಕ್ಷಕ್ಕೆ ಏರಿತು. ಆ ಹಿರಿಯರಿಗೆ ನಾನು ಅಂದೇ ಹೇಳಬೇಕಿದ್ದ ಮಾತು ಇದು: ಡಿಡಿಟಿಗೆ ಇಲ್ಲಿ ಯಾವ ನಿಷೇಧವೂ ಇಲ್ಲದ ಕಾಲದಲ್ಲೇ ಮಲೇರಿಯಾ ವಾಪಸ್ ಬಂತು. ಸೊಳ್ಳೆ ವಿಷಕ್ಕೆ ಒಗ್ಗಿಕೊಂಡಿತ್ತು. ರೋಗ ಹೋಯಿತೆಂದು ನಾವು ಮೈಮರೆತಿದ್ದೆವು. ದುಡ್ಡು, ಸಿಬ್ಬಂದಿ, ರಕ್ತ ಪರೀಕ್ಷೆ ಎಲ್ಲ ಸಡಿಲವಾಗಿತ್ತು. ಶ್ರೀಲಂಕಾದ ಕತೆಯೂ ಹೀಗೆಯೇ. 1963ರಲ್ಲಿ ಅಲ್ಲಿ ಇಡೀ ದೇಶಕ್ಕೆ ಉಳಿದದ್ದು 17 ಪ್ರಕರಣ. ಗೆದ್ದೆವು ಎಂದು ಸಿಂಪಡಣೆ ನಿಲ್ಲಿಸಿದರು. ಅದೇ ದಶಕ ಮುಗಿಯುವ ಮೊದಲು ಲಕ್ಷಾಂತರ ಜನ ಮತ್ತೆ ಚಳಿಜ್ವರದಲ್ಲಿ ನಡುಗಿದರು. 2016ರಲ್ಲಿ ಶ್ರೀಲಂಕಾ ಮಲೇರಿಯಾ ಮುಕ್ತ ಎಂಬ ಪ್ರಮಾಣಪತ್ರ ಪಡೆಯಿತು, ಅದೂ ಡಿಡಿಟಿಯನ್ನು ಕೈಬಿಟ್ಟು ದಶಕಗಳಾದ ಮೇಲೆ.

ನಮ್ಮಲ್ಲಿ ಕೃಷಿಗೆ ಡಿಡಿಟಿ ನಿಂತದ್ದು 1989ರಲ್ಲಿ. ಸೊಳ್ಳೆ ನಿಯಂತ್ರಣಕ್ಕೆ ಆಗಲೂ ಉಳಿಸಿಕೊಂಡರು. ಬೇಗ ಕರಗದೆ ಉಳಿಯುವ ವಿಷಗಳ ಬಗ್ಗೆ ದೇಶಗಳು ಮಾಡಿಕೊಂಡ 2001ರ ಸ್ಟಾಕ್‌ಹೋಮ್ ಒಪ್ಪಂದವೂ ರೋಗ ತಡೆಯಲು ಬೇಕಾದವರು ಬಳಸಬಹುದು ಎಂದು ಬಾಗಿಲು ತೆರೆದೇ ಇಟ್ಟಿತು. ಹೊಲಕ್ಕೆ ಬೇಡ, ಗೋಡೆಗೆ ಬೇಕಾದರೆ ಇರಲಿ ಎಂಬ ಈ ಗೆರೆ ಮಲೇರಿಯಾ ವಿರೋಧಿ ಗೆರೆಯಲ್ಲ. ಇನ್ನೂ ಮೂವತ್ತು ವರ್ಷ ಮೊದಲೇ ಎಳೆದಿದ್ದರೆ ನಮ್ಮ ಮದ್ದು ಅಷ್ಟು ಬೇಗ ಮೊಂಡಾಗುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ.

ಹಾಗೆಂದು ಗೋಡೆಯ ಡಿಡಿಟಿಯನ್ನು ಅವಸರದಲ್ಲಿ ಕಿತ್ತೆಸೆದರೂ ಆಪತ್ತೇ. ದಕ್ಷಿಣ ಆಫ್ರಿಕಾ 1996ರಲ್ಲಿ ಡಿಡಿಟಿ ಬಿಟ್ಟು ಪೈರೆಥ್ರಾಯ್ಡ್‌ಗೆ ಹೋಯಿತು. ಆ ಹೊಸ ಮದ್ದಿಗೆ ಬಗ್ಗದ ಸೊಳ್ಳೆ ಗಡಿಯಾಚೆಯಿಂದ ಮರಳಿ ಬಂತು. 2000ದ ಹೊತ್ತಿಗೆ ಪ್ರಕರಣಗಳು 60 ಸಾವಿರ ದಾಟಿದವು. ಅದೇ ವರ್ಷ ಡಿಡಿಟಿಯನ್ನು ವಾಪಸ್ ತಂದರು, ಮರುವರ್ಷ ಹೊಸ ಮಾತ್ರೆಯನ್ನೂ ತಂದರು, ರೋಗ ಇಳಿಯಿತು. ನಿಷೇಧ ಬೇಕೆನ್ನುವ ನನ್ನ ಗೆಳೆಯರು ಈ ಪ್ರಸಂಗವನ್ನು ಹಾರಿಸಿ ಮುಂದೆ ಹೋದಾಗ ನನಗೆ ಬೇಸರವಾಗುತ್ತದೆ. ಡಿಡಿಟಿ ಕೊಬ್ಬಿನಲ್ಲಿ ಸೇರಿ ವರ್ಷಗಟ್ಟಲೆ ಕೂರುತ್ತದೆ, ತಾಯಿಯ ಹಾಲಿಗೂ ಇಳಿಯುತ್ತದೆ, ಹದ್ದು ಗಿಡುಗಗಳ ಮೊಟ್ಟೆಯ ಚಿಪ್ಪನ್ನು ತೆಳುವಾಗಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಅದನ್ನು ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಇದೂ ಸತ್ಯ, ದಕ್ಷಿಣ ಆಫ್ರಿಕಾದ್ದೂ ಸತ್ಯ.

ಡೆಂಗಿಗೆ ಬರೋಣ. ಇಲ್ಲಿ ಆ ಹಿರಿಯರ ವಾದದ ಬುಡವೇ ಅಲುಗುತ್ತದೆ. ಡೆಂಗಿ ಹರಡುವ ಮುಖ್ಯ ಸೊಳ್ಳೆ ಈಡಿಸ್ ಈಜಿಪ್ಟಿಗೆ ಗೋಡೆಯ ಹಂಗಿಲ್ಲ. ಹಗಲಲ್ಲಿ ಕಚ್ಚಿ, ತೂಗುಹಾಕಿದ ಬಟ್ಟೆಯ ಮಡಿಕೆಯಲ್ಲಿ, ಮಂಚದಡಿಯ ಕತ್ತಲಲ್ಲಿ ಅಡಗುತ್ತದೆ. ದಕ್ಷಿಣ ಅಮೆರಿಕದ ಹಲವು ದೇಶಗಳು 1950, 60ರ ದಶಕಗಳಲ್ಲಿ ಡಿಡಿಟಿಯಿಂದಲೇ ಅದನ್ನು ನಿರ್ಮೂಲ ಮಾಡಿದ್ದವು, ನಿಜ. ನೀರಿನ ಪಾತ್ರೆ ಪಾತ್ರೆಯನ್ನೂ ಹುಡುಕಿ ಹೊಡೆದಿದ್ದರು. ಮತ್ತೆ ಅಲ್ಲೂ ಕೈಸಡಿಲವಾಯಿತು, ಸೊಳ್ಳೆ ವಿಷಕ್ಕೆ ಒಗ್ಗಿತು, ಹಿಂತಿರುಗಿತು. ಕೊಡಗಿನಲ್ಲಿ ಅದರ ತಂಗಿಯೂ ಇದ್ದಾಳೆ, ತೋಟದ ಈಡಿಸ್ ಆಲ್ಬೊಪಿಕ್ಟಸ್. ಬಿದ್ದ ಅಡಿಕೆ ಹಾಳೆ, ಕಡಿದ ಬಿದಿರಿನ ಬೊಡ್ಡೆ, ಮರದ ಪೊಟರೆ, ಎಸೆದ ಟಯರು, ಎಲ್ಲೆಲ್ಲಿ ಒಂದು ಬೊಗಸೆ ಮಳೆನೀರು ನಿಂತರೂ ಅವಳಿಗೆ ಬಾಣಂತಿಮನೆ. ಇಷ್ಟು ದಟ್ಟ ನೆರಳಿನ ಕಾಫಿ ತೋಟಕ್ಕೆ ಎಷ್ಟು ವಿಷ ಹೊಡೆದು ಪೂರೈಸುತ್ತೀರಿ? ಹೊಡೆದರೂ ಮೊದಲು ಸಾಯುವುದು ಜೇನು. ರೊಬಸ್ಟಾ ಹೂವಿಗೆ ಪರಾಗ ಬೇರೆ ಗಿಡದಿಂದಲೇ ಬರಬೇಕು ಎಂಬುದು ಬೆಳೆಗಾರರಿಗೆ ನಾನು ಹೇಳಿಕೊಡಬೇಕಾದ ಪಾಠವಲ್ಲ.

ತೋಟದ ಮದ್ದಿನ ಇತಿಹಾಸವೂ ಈ ಜಗಳಕ್ಕೆ ಹೊರಗಿನದಲ್ಲ. ಹಳಬರು ಗ್ಯಾಮಾಕ್ಸಿನ್ ಎನ್ನುತ್ತಿದ್ದ ಬಿ.ಎಚ್.ಸಿ. ಕೀಟನಾಶಕವನ್ನು ಅರೇಬಿಕಾ ಕಾಫಿಯ ಕಾಂಡಕೊರಕಕ್ಕೆ ಬಳಿದರು. ಡಿಡಿಟಿ ಕೆಲಸ ಮಾಡದ ಕಡೆ ಮಲೇರಿಯಾದವರು ಗೋಡೆಗೆ ಹೊಡೆದದ್ದೂ ಅದನ್ನೇ. 1997ರಲ್ಲಿ ಎರಡಕ್ಕೂ ನಿಂತಿತು. ಆಮೇಲೆ ಲಿಂಡೇನ್, ಅದೂ 2013ರಲ್ಲಿ ಮುಗಿಯಿತು. ಮುಂದೆ ಕ್ಲೋರ್‌ಪೈರಿಫಾಸ್. 2020ರ ಮೇ ತಿಂಗಳಲ್ಲಿ ಕೇಂದ್ರ ಕೃಷಿ ಸಚಿವಾಲಯ 27 ಕೀಟನಾಶಕಗಳನ್ನು ನಿಷೇಧಿಸುವ ಕರಡು ಹೊರಡಿಸಿದಾಗ ಪಟ್ಟಿಯಲ್ಲಿ ಕ್ಲೋರ್‌ಪೈರಿಫಾಸ್ ಇತ್ತು, ನಾವು ಫಾಗಿಂಗ್‌ಗೆ ಬಳಸುವ ಮಲಾಥಿಯಾನ್ ಕೂಡ ಇತ್ತು. 2023ರ ಅಂತಿಮ ಆದೇಶದಲ್ಲಿ ಪೂರ್ತಿ ನಿಷೇಧವಾದದ್ದು ಡೈಕೋಫಾಲ್, ಡೈನೋಕ್ಯಾಪ್, ಮೆಥೊಮಿಲ್ ಮೂರೇ. ಮಲಾಥಿಯಾನ್ ಹೋದರೆ ಡೆಂಗಿಗೆ ಏನು ಗತಿ ಎಂದು ಆಗ ಅನೇಕರು ಕೇಳಿದ್ದರು. ಹೋದರೂ ಡೆಂಗಿಯ ಲೆಕ್ಕ ಹೆಚ್ಚೇನೂ ಬದಲಾಗುತ್ತಿರಲಿಲ್ಲ ಎಂದೇ ನನ್ನ ಅನುಭವ. ಹೊಗೆಗೆ ಬೀಳುವುದು ಆ ಹೊತ್ತಿಗೆ ಹಾರಾಡುತ್ತಿರುವ ಸೊಳ್ಳೆ ಮಾತ್ರ. ಡ್ರಮ್ಮಿನಲ್ಲಿರುವ ಮರಿಗಳಿಗೆ ಅದು ತಾಗುವುದೇ ಇಲ್ಲ, ವಾರದೊಳಗೆ ಹೊಸ ಹಿಂಡು ಸಿದ್ಧ. ಡೆಂಗಿ ದೃಢಪಟ್ಟ ಮನೆಯ ಸುತ್ತ ತಕ್ಷಣ ಹೊಗೆ ಬಿಡುವುದಕ್ಕೆ ಅರ್ಥವಿದೆ. ಪೇಟೆ ಬೀದಿಯಲ್ಲಿ ಗಾಡಿ ಓಡಿಸಿ ಹೊಗೆ ಬಿಟ್ಟರೆ ಜನರಿಗೆ ಸಮಾಧಾನ ಸಿಗುತ್ತದೆ, ಅದಕ್ಕಿಂತ ಹೆಚ್ಚಿನದು ಸಿಗುವುದಿಲ್ಲ.

ಒಂದು ರಾತ್ರಿ ನನ್ನ ಬಳಿಗೆ ಇಪ್ಪತ್ತೈದರ ಆಸುಪಾಸಿನ ಹುಡುಗನನ್ನು ಜೀಪಿನಲ್ಲಿ ಹೊತ್ತು ತಂದರು. ಬೆವರು, ಜೊಲ್ಲು, ಕಣ್ಣಪಾಪೆ ಸಾಸಿವೆಯಷ್ಟು. ಬೆಳಗ್ಗಿನಿಂದ ಬೆನ್ನಿಗೆ ಪಂಪು ಕಟ್ಟಿಕೊಂಡು ಬರಿಗೈಯಲ್ಲಿ ಮದ್ದು ಹೊಡೆದಿದ್ದ. ಪಂಪು ಸೋರಿ ಅಂಗಿ ನೆನೆದಿತ್ತು, ಅದೇ ಅಂಗಿಯಲ್ಲಿ ಊಟ ಮಾಡಿದ್ದ. ಬೆಳಗಿನವರೆಗೆ ಅಟ್ರೋಪಿನ್ ಕೊಡುತ್ತಾ ಕೂತೆವು. ಬದುಕಿದ. ಮೂರು ದಿನದ ನಂತರ ಅವನ ಲೈನ್ ಮನೆಗೆ, ಅಂದರೆ ತೋಟದ ಕೆಲಸಗಾರರ ಸಾಲುಮನೆಗೆ, ಹೋದೆ. ಬಾಗಿಲ ಪಕ್ಕ ಸಾಲಾಗಿ ನೀಲಿ, ಬಿಳಿ ಕ್ಯಾನುಗಳು. ತೋಟಕ್ಕೆ ಬಂದ ಮದ್ದಿನ ಖಾಲಿ ಕ್ಯಾನುಗಳನ್ನು ತೊಳೆದು, ಬಾಯಿ ಅಗಲಕ್ಕೆ ಕುಯ್ದು, ನೀರು ತುಂಬಿಟ್ಟಿದ್ದರು. ನಲ್ಲಿಯಲ್ಲಿ ನೀರು ಬರುವುದು ದಿನ ಬಿಟ್ಟು ದಿನ. ಹಿಡಿದಿಡಲು ಬೇರೆ ಪಾತ್ರೆ ಇಲ್ಲ. ನಾಲ್ಕು ಕ್ಯಾನುಗಳಲ್ಲಿ ಈಡಿಸ್ ಮರಿಗಳು ತಲೆಕೆಳಗಾಗಿ ತೂಗುತ್ತಿದ್ದವು. ವಿಷವೂ ರೋಗವೂ ಒಂದೇ ಪಾತ್ರೆಯಲ್ಲಿ. ಆ ನೀರಲ್ಲೇ ಅವನ ತಾಯಿ ಅಕ್ಕಿ ತೊಳೆಯುತ್ತಿದ್ದರು.

ಕೀಟನಾಶಕ ಬೇಕೋ ಬೇಡವೋ ಎಂಬ ಚರ್ಚೆ ಕೇಳಿದಾಗಲೆಲ್ಲ ನನ್ನ ಕಣ್ಣಮುಂದೆ ಬರುವುದು ಆ ಕ್ಯಾನುಗಳ ಸಾಲು. ಅಲ್ಲಿಗೆ ಬೇಕಾಗಿದ್ದದ್ದು ದಿನಾ ಬರುವ ನೀರು, ಮುಚ್ಚಳವಿರುವ ಡ್ರಮ್ಮು, ಕೈಗೆ ಗ್ಲೌಸು, ಸೋರದ ಪಂಪು. ಇವನ್ನು ಕೊಡುವುದು ತೋಟದ ಮಾಲೀಕರ ಹೊಣೆ. ಇದನ್ನು ಹೇಳಿದ್ದಕ್ಕೆ ಕೆಲವರು ಮುನಿಸಿಕೊಂಡಿದ್ದಾರೆ, ಆದರೂ ಹೇಳುತ್ತೇನೆ. ರಾಜ್ಯ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ದಂಡದ ನಿಯಮ ತಂದಿತು. ಪಾತ್ರೆಯೇ ಇಲ್ಲದ ಲೈನ್ ಮನೆಯವರಿಗೆ ದಂಡ ಹಾಕಿ ಏನು ಸಾಧಿಸುತ್ತೇವೆ? ದೂರದ ರಾಜ್ಯಗಳಿಂದ ಕೆಲಸಕ್ಕೆ ಬರುವವರಿಗೆ ಜ್ವರ ಬಂದರೆ ಅದೇ ದಿನ ಮಲೇರಿಯಾ ರಕ್ತ ಪರೀಕ್ಷೆ ಆಗಬೇಕು. ವೈವಾಕ್ಸ್ ಬಗೆಯ ಮಲೇರಿಯಾ ಎಂದಾದರೆ ಹದಿನಾಲ್ಕು ದಿನದ ಪ್ರೈಮಾಕ್ವಿನ್ ಮಾತ್ರೆ ಪೂರ್ತಿ ನುಂಗಿಸಬೇಕು. ತೊರೆಯ ಫ್ಲೂವಿಯಾಟಿಲಿಸ್ ಇನ್ನೂ ಇಲ್ಲೇ ಇದೆ.

ಮೀನಿನ ವಿಷಯದಲ್ಲೂ ಒಂದು ಎಚ್ಚರಿಕೆ. ಗಪ್ಪಿ, ಗ್ಯಾಂಬೂಸಿಯಾ ಮರಿಗಳನ್ನು ಮನೆಯ ತೊಟ್ಟಿಗೆ ಬಿಡಿ, ಮುಚ್ಚಲಾಗದ ಟ್ಯಾಂಕಿಗೆ ಬಿಡಿ. ತೋಡಿಗೆ, ಹೊಳೆಗೆ ಬೇಡ. ನಮ್ಮ ಕಾವೇರಿ ಮೂಲದ ತೊರೆಗಳಲ್ಲಿ ಸೊಳ್ಳೆಮರಿ ತಿನ್ನುವ ನಮ್ಮದೇ ಸಣ್ಣ ಮೀನುಗಳಿವೆ. ಹೊರಗಿನ ಗ್ಯಾಂಬೂಸಿಯಾ ಅವುಗಳ ಮೊಟ್ಟೆ ಮರಿಗಳನ್ನೇ ಮುಗಿಸುತ್ತದೆ.

ಸಭೆ ಮುಗಿದ ಮೇಲೆ ಆ ಹಿರಿಯರು ಕಾಫಿ ಲೋಟ ಹಿಡಿದು ನನ್ನ ಪಕ್ಕ ಬಂದು ಕೂತರು. "ಡಿಡಿಟಿ ಬರಲ್ಲ ಅಂತಾಯ್ತು. ಹಾಗಾದ್ರೆ ನಮ್ಮ ಲೈನಿಗೆ ಯಾವಾಗ ಬರ್ತೀರಿ?" ಎಂದರು. "ಶುಕ್ರವಾರ ಬರ್ತೀನಿ ಮಾವ, ನೀವೂ ಜೊತೆಗಿರಬೇಕು" ಎಂದೆ.

ಶುಕ್ರವಾರ ಹೋದೆವು. ಹನ್ನೊಂದು ಮನೆ, ಇಪ್ಪತ್ತಮೂರು ಪಾತ್ರೆ, ಒಂಬತ್ತರಲ್ಲಿ ಮರಿ. ಮೊದಲ ಡ್ರಮ್ಮಿಗೆ ಟಾರ್ಚ್ ಬಿಟ್ಟಾಗ ಅವರು ಬಗ್ಗಿ ತುಂಬಾ ಹೊತ್ತು ನೋಡಿದರು. ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿ ಅಂಚಿಗೆ ಅಂಟಿರುತ್ತದೆ, ನೀರು ಚೆಲ್ಲಿದರೆ ಸಾಲದು, ಉಜ್ಜಬೇಕು ಎಂದು ಹೇಳಿದೆ. ಪಕ್ಕದಲ್ಲಿದ್ದ ಆಶಾ ಅಕ್ಕನ ಕೈಯಿಂದ ಅವರು ತೆಂಗಿನ ನಾರು ತೆಗೆದುಕೊಂಡರು. ಅಂಗಿಯ ತೋಳು ಮಡಚಿ, ಆ ಡ್ರಮ್ಮಿನ ಒಳಗಂಚನ್ನು ತಾವೇ ಉಜ್ಜತೊಡಗಿದರು.